ಕೆಂಪಿದ್ದರೆ ಮುಟ್ಟಬಾರದು

ಸ್ಕ್ರೂಡ್ರೈವರ್ ಹಿಡಿದ ಶಿವಪುತ್ರನನ್ನು ತಡೆಯುವ ಗಂಡಸು ಹಲಸೂರಿನಲ್ಲಿ ಇನ್ನೂ ಹುಟ್ಟಿರಲಿಲ್ಲ! ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಅವನು ಹೆಂಡತಿ ಜಯಮಾಲಾಳ ಮುಂದೆ ಎದೆಯುಬ್ಬಿಸಿ ಘೋಷಿಸಿದ: "ನಮ್ಮ ಸೆಂಟರ್ ಕಂಪ್ಯೂಟರ್‌ನ ಇವತ್ತು ಶೋರೂಮಿಂದ ಈಗ ತಾನೆ ಬಂದಂಗೆ ಮಾಡ್ತೀನಿ, ನೋಡ್ತಿರು!"

"ಮಿಕ್ಸಿಗೂ ಹಂಗೇ ಅಂದಿದ್ರಿ. ಈಗ ಅದ್ರ ಜಾರಲ್ಲಿ ಸಾಸಿವೆ ತುಂಬಿಟ್ಟಿದ್ದೀನಿ."

ಸೆಂಟರ್ ಇದ್ದದ್ದು ಕುಕ್ ಟೌನಿನ ಹಳೆಯ ಬಂಗಲೆಯಲ್ಲಿ. ಬುದ್ಧಿಯ ಬೆಳವಣಿಗೆ ನಿಧಾನವಾದ ದೊಡ್ಡವರಿಗೆ ಶಿವಪುತ್ರ ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಉಪಾಯ ಅವನದೇ: ಒತ್ತಬೇಕಾದ ಕೀಗೆ ಹಸಿರು ಸ್ಟಿಕ್ಕರ್, ಮುಟ್ಟಬಾರದ್ದಕ್ಕೆ ಕೆಂಪು. ಮೂವತ್ತು ದಾಟಿದ ಉಮ್ಮೆ ಕುಲ್ಸುಂಗೆ ಇದನ್ನು ಕಲಿಯಲು ಇಡೀ ಮಳೆಗಾಲ ಹಿಡಿದಿತ್ತು. ಹಬ್ಬ ಮುಗಿದ ಸೋಮವಾರ ಅವಳು ಯಾರ ಸಹಾಯವೂ ಇಲ್ಲದೆ, ಸೌದಿಯ ದಮ್ಮಾಮ್‌ನಲ್ಲಿದ್ದ ಅಕ್ಕ ಮಹೀನ್‌ಗೆ ಚಾಟಿನಲ್ಲಿ "ಆಪಾ" ಎಂದು ಬರೆಯುವವಳಿದ್ದಳು. ಎ, ಪಿ, ಎಂಟರ್, ಎಲ್ಲವೂ ಹಸಿರು. ಊಟದ ಬಿಡುವಿನಲ್ಲಿ ಗಂಡನ ಆಫೀಸಿನ ಕಂಪ್ಯೂಟರ್ ಮುಂದೆ ಕಾದಿರುತ್ತೇನೆಂದು ಅಕ್ಕ ಫೋನ್ ಮಾಡಿದ್ದಳು.

ಪೂಜೆಗೆ ಶಿವಪುತ್ರ ಸೀಮೆಎಣ್ಣೆ ಬಟ್ಟೆ ಹಿಡಿದು ಕುಳಿತ. ಹಬ್ಬದ ದಿನ ಕೊಳಕು ಸ್ಟಿಕ್ಕರ್ ಇರಬಹುದೇ? ಕಿತ್ತ! ಅಂಟು ಹೋಗಲೆಂದು ಉಜ್ಜಿದ. ಅಂಟಿನ ಜೊತೆ ಅಕ್ಷರಗಳೂ ಹೋದವು! ಹೊಸ ಸ್ಟಿಕ್ಕರ್ ಸೋಮವಾರ ಹಾಕಿದರಾಯಿತೆಂದುಕೊಂಡು ಕೀ ಕೀಗೂ ಧಾರಾಳವಾಗಿ ಕುಂಕುಮವಿಟ್ಟು, ಬೂದುಗುಂಬಳ ಒಡೆದು ಮನೆಗೆ ಬಂದ.

ಸೋಮವಾರ ಸ್ಟಿಕ್ಕರಿನ ವಿಷಯ ಮರೆತೇಹೋಗಿತ್ತು. ಹೊಸ ದುಪಟ್ಟಾ ಹೊದ್ದು ಬಂದ ಕುಲ್ಸುಂ ಕೀಬೋರ್ಡ್ ನೋಡಿದವಳೇ ಎರಡೂ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

"ಒತ್ತಮ್ಮ ಕುಲ್ಸುಂ!"

"ಕೆಂಪು ಐತೆ ಸಾರ್. ಮುಟ್ಟಬಾರ್ದು."

"ಇದು ಬೇರೆ ಕೆಂಪಮ್ಮ, ಕುಂಕುಮ!"

"ಕೆಂಪು," ಎಂದಳು ಮತ್ತೆ, ಪಾಠ ತಲೆಗೆ ಹತ್ತದ ಶಿಷ್ಯನಿಗೆ ಹೇಳುವಂತೆ.

ಶಿವಪುತ್ರ ಒದ್ದೆ ಬಟ್ಟೆ ತಂದು ಒರೆಸಿದ. ಚುಕ್ಕೆ ಚುಕ್ಕೆಯಾಗಿದ್ದ ಕೆಂಪು ಇಡೀ ಕೀಬೋರ್ಡಿಗೆ ಹರಡಿತು! ಹಸಿರು ಸ್ಟಿಕ್ಕರಿಗಾಗಿ ಕಪಾಟು ತಲೆಕೆಳಗು ಮಾಡಿದ. ಸಿಕ್ಕಿದ್ದು ಕೆಂಪಿನ ಹಾಳೆ. ಅಷ್ಟರಲ್ಲಿ ಪರದೆಯ ಮೇಲೆ ಅಕ್ಕ ಬಂದಳು: "ಕುಲ್ಸುಂ, ಆಯಿ ಕ್ಯಾ ಮಾ?" ಬಂದೆಯೇನಮ್ಮ ಎಂದು. ಸ್ವಲ್ಪ ಇರಿ ಎಂದು ತಾನೇ ಬರೆಯಲು ಹೋದ. ಎರಡೇ ಬೆರಳಲ್ಲಿ ಹುಡುಕಿ ಒತ್ತುವ ಮೇಷ್ಟ್ರು, ಅಕ್ಷರವಿಲ್ಲದ ಕೀಬೋರ್ಡು! ಸೌದಿಗೆ ಹೋದದ್ದು ಯಾವ ಭಾಷೆಗೂ ಸೇರದ ಒಂದು ಸಾಲು. ಅಕ್ಕ ಮತ್ತೊಮ್ಮೆ "ಕುಲ್ಸುಂ?" ಎಂದಳು. ಸ್ವಲ್ಪ ಹೊತ್ತಿಗೆ ಚಾಟಿನಲ್ಲಿ ಅವಳ ಹೆಸರು ಮಸುಕಾಯಿತು. ಬಿಡುವು ಮುಗಿದಿತ್ತು.

ಶಿವಪುತ್ರ ಕುಂಕುಮ ಮೆತ್ತಿದ ಬಟ್ಟೆ ಕೆಳಗಿಟ್ಟು ಕುಲ್ಸುಂ ಕಡೆ ತಿರುಗಿದ. ಅವಳು ತಪ್ಪು ಮಾಡಿದ್ದರೆ ತಿದ್ದಬಹುದಿತ್ತು. ಅವಳೋ ಕಲಿಸಿದ್ದನ್ನು ಚೂರೂ ತಪ್ಪದೆ ಪಾಲಿಸಿದ್ದಳು. ಇಡೀ ಮಳೆಗಾಲದ ಅವಳ ಶ್ರಮವನ್ನು ಅವನೇ ಕೈಯಾರೆ ಒರೆಸಿಹಾಕಿದ್ದ.

"ತಪ್ಪು ನಂದೇ ಕಣಮ್ಮ," ಎಂದ.

ಕುಲ್ಸುಂ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು, ಹಾಳೆಯಿಂದ ಒಂದು ಕೆಂಪು ಸ್ಟಿಕ್ಕರ್ ಬಿಡಿಸಿ ಅವನ ಬಲಗೈ ಮೇಲೆ ಒತ್ತಿ ಅಂಟಿಸಿದಳು.

"ಸಾರ್ ಮುಟ್ಟಬಾರ್ದು."

ಸಂಜೆ ಜಯಮಾಲಾ ಕಥೆಯೆಲ್ಲ ಕೇಳಿದಳು. ನಗಲಿಲ್ಲ. ಸ್ಕ್ರೂಡ್ರೈವರನ್ನು ಅಟ್ಟಕ್ಕೆ ಹಾಕಿ ಬಂದು, ಗಂಡನ ಕೈ ಹಿಡಿದು ಸ್ಟಿಕ್ಕರಿನ ಎದ್ದ ಅಂಚನ್ನು ಮೆಲ್ಲಗೆ ಒತ್ತಿದಳು.

"ಸ್ನಾನ ಮಾಡುವಾಗ ಹುಷಾರು ರೀ. ಇದು ಬಿದ್ದೋಗ್ಬಾರ್ದು."