ಐದನೇ ತೋಟಾದ ಬಿಗಿ

ಡೆಲ್ಬರ್ಟ್ ಟ್ವೆಡ್ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಆ ಶನಿವಾರ ಏನೂ ಆಗುತ್ತಿರಲಿಲ್ಲ. ಆದರೆ ರೈಫಲ್ ಕ್ಲಬ್ಬಿನ ಶೆಡ್ಡಿನಲ್ಲಿ, ವರ್ಷದ ಗುರಿ ಸ್ಪರ್ಧೆಯಲ್ಲಿ ತನ್ನ ಸರದಿಗೆ ಇನ್ನೊಂದೇ ಗಂಟೆ ಇರುವಾಗ, ಬಂದೂಕಿನ ತೋಟಾದ ಐದು ಖಾಲಿ ಹಿತ್ತಾಳೆ ಕೊಳವೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಅವನು ಕೇಳಿಯೇಬಿಟ್ಟ.

“ಅಲ್ಲಾ, ಇದರ ಕತ್ತು ಗುಂಡನ್ನ ಎಷ್ಟು ಬಿಗಿಯಾಗಿ ಹಿಡ್ಕೊಂಡಿರ್ಬೇಕು?”

ಮೊಂಟಾನಾದ ಆ ಊರಿನಲ್ಲಿ ಹೆಂಗಸರ ವಯಸ್ಸು ಕೇಳಿದರೂ ನಡೆದೀತು, ಇದನ್ನು ಮಾತ್ರ ಕೇಳಬಾರದು. ಕೈಯಾರೆ ತೋಟಾ ತುಂಬಿಕೊಳ್ಳುವವರಲ್ಲಿ ಅಲ್ಲಿ ಎರಡು ಪಂಗಡ. ಕೊಳವೆಯ ಕತ್ತು ಗುಂಡಿಗಿಂತ ಇಂಚಿನ ಸಾವಿರದಲ್ಲೊಂದು ಪಾಲು ಕಿರಿದಾಗಿದ್ದರೆ ಸಾಕು ಎನ್ನುವವರು ಕೆಲವರು, ಎರಡು ಪಾಲು ಬೇಕೇ ಬೇಕು ಎನ್ನುವವರು ಉಳಿದವರು. ನಡುವಿನ ಅಂತರ ತಲೆಗೂದಲಿನ ಮೂರನೇ ಒಂದು ಭಾಗದಷ್ಟು. ಅಷ್ಟಕ್ಕೇ ಒಂದು ನಿಶ್ಚಿತಾರ್ಥ ಮುರಿದುಬಿದ್ದಿತ್ತು.

ಪಾಪ, ಡೆಲ್ಬರ್ಟನಿಗೆ ಉತ್ತರ ನಿಜವಾಗಿಯೂ ಬೇಕಾಗಿತ್ತು. ಆ ಕ್ಲಬ್ಬಿನಲ್ಲಿ ಕೊನೆಯ ಸ್ಥಾನಕ್ಕೆ ಬಂದವನು ವರ್ಷವಿಡೀ ಮೈದಾನದ ಕಕ್ಕಸು ತೊಳೆಯಬೇಕು. ಅವನು ಮೂರು ವರ್ಷದಿಂದ ಬಿಡದೆ ತೊಳೆಯುತ್ತಿದ್ದ.

“ಎರಡು,” ಎಂದ ಪಕ್ಕದ ಮನೆಯ ವರ್ಜಿಲ್, ಡೋನಟ್ ಕೆಳಗಿಟ್ಟು. “ಬಿಗಿಯಾಗಿದ್ರೇನೆ ಮದ್ದು ಪ್ರತಿಸಲ ಒಂದೇ ಥರ ಉರಿಯೋದು. ತಾ ಇಲ್ಲಿ.”

ಡೆಲ್ಬರ್ಟ್ ಹೂಂ ಅನ್ನುವ ಮೊದಲೇ ವರ್ಜಿಲ್ ಐದನ್ನೂ ತನ್ನ ಅಚ್ಚಿಗೆ ತುರುಕಿ ಕತ್ತು ಹಿಚುಕಿಬಿಟ್ಟ. ಅಷ್ಟರಲ್ಲಿ ಸ್ಪರ್ಧೆ ನಡೆಸುವ ವಾಂಡಾ ಒಳಗೆ ಬಂದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದ ಹೆಂಗಸು. ಮಾತಿಗೂ ಅದೇ ಸದ್ದು ಅಂಟಿಕೊಂಡಿತ್ತು.

“ಯಾರಿದನ್ನ ಹಿಂಗೆ ಹಿಚುಕಿದ್ದು?”

“ನಾನೇ. ಏನೀಗ?”

“ಬೇಲಿ ತಂತಿ ಬಿಗಿಯೋದೂ ಇದೂ ಒಂದೇ ಅಂದ್ಕೊಂಡಿದೀಯ? ಡೆಲ್ಬರ್ಟ್, ಇವನ ಮಾತು ಕೇಳ್ಬೇಡ. ಒಂದು ಸಾಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗುಂಡು ಹೊರಗೆ ಬರ್ಬೇಕು.”

ಅವಳು ಉಕ್ಕಿನ ಸಲಾಕೆ ತೂರಿಸಿ ಎರಡು ಕತ್ತುಗಳನ್ನು ಹಿಗ್ಗಿಸಿದಳು. ಮೂರನೆಯದಕ್ಕೆ ವರ್ಜಿಲ್ ಅಡ್ಡ ಬಂದ. ಅವಳು ಎಳೆದಳು, ಅವನು ಬಿಡಲಿಲ್ಲ, ಸಲಾಕೆ ಬುಡದವರೆಗೂ ನುಗ್ಗಿತು. ಡೆಲ್ಬರ್ಟ್ ಅದಕ್ಕೆ ಮದ್ದು ತುಂಬಿ ಗುಂಡು ಕೂರಿಸಿದರೆ, ಗುಂಡು ಬಾವಿಗೆ ಬಿದ್ದ ಬಿಂದಿಗೆಯಂತೆ ಒಳಗೇ ಇಳಿಯಿತು. ಗಾಬರಿಯಿಂದ ಬೋರಲು ಹಾಕಿದಾಗ ಮದ್ದೆಲ್ಲ ವಾಂಡಾ ತಂದಿದ್ದ ಬೇಯಿಸಿದ ಮೊಟ್ಟೆಗಳ ಮೇಲೆ ಉದುರಿತು. ವಾದದ ಭರದಲ್ಲಿ ವರ್ಜಿಲ್ ಒಂದನ್ನು ಬಾಯಿಗೆ ಹಾಕಿಕೊಂಡ.

“ಕಾಳುಮೆಣಸಿನ ಪುಡಿ ಹಳೇದು ಕಣಮ್ಮ,” ಎಂದು ಉಗಿದ.

ಆಮೇಲೆ ಆ ಕತ್ತನ್ನು ಅವನು ಹಿಚುಕುವುದು, ಇವಳು ಹಿಗ್ಗಿಸುವುದು, ಮತ್ತೆ ಅವನು, ಮತ್ತೆ ಇವಳು. ಗಂಟೆ ಬಾರಿಸುವ ಹೊತ್ತಿಗೆ ಡೆಲ್ಬರ್ಟನ ಕೈಯಲ್ಲಿ ಬಿಗಿಯಾದವು ಎರಡು, ಸಡಿಲವಾದವು ಎರಡು, ಏನೆಂದು ದೇವರಿಗೂ ಗೊತ್ತಿಲ್ಲದ ಐದನೆಯದು ಒಂದು.

ಅವನು ಎಲ್ಲಕ್ಕೂ ಮದ್ದು, ಗುಂಡು ತುಂಬಿಕೊಂಡು ಐದನೇ ನಂಬರಿನ ಮೇಜಿಗೆ ಹೋಗಿ ಕುಳಿತ. ಬಲಗಡೆಯ ಆರನೇ ಮೇಜಿನಲ್ಲಿ ಎಂಬತ್ತೊಂಬತ್ತರ ಓರಿನ್ ತಾತ ಆಗಲೇ ಬಂದೂಕಿಗೆ ಕೆನ್ನೆ ಕೊಟ್ಟಿದ್ದ. ಬೆನ್ನ ಹಿಂದೆ “ಒಂದು”, “ಎರಡು” ಜಗಳ ಕಿವಿಮುಚ್ಚುಗಳನ್ನೂ ದಾಟಿ ಕೇಳಿಸುತ್ತಿತ್ತು. ಡೆಲ್ಬರ್ಟ್ ಸಿಟ್ಟಿನಿಂದ ಕಣ್ಣಿಗೆ ಮೊದಲು ಸಿಕ್ಕ ಕಪ್ಪು ಚುಕ್ಕೆಗೆ ಐದನ್ನೂ ಹಾರಿಸಿದ.

ದೂರದರ್ಶಕದಲ್ಲಿ ನೋಡಿದರೆ, ಮುನ್ನೂರು ಗಜದಾಚೆ ಐದು ಗುಂಡಿಗೂ ಒಂದೇ ತೂತು. ಅವನಿಗೆ ಸಂತೋಷಕ್ಕೆ ಅಳು ಬಂತು. ಕಕ್ಕಸಿನ ಬ್ರಷ್ಷನ್ನು ಈ ಸಲ ಕೊನೆಗೆ ಬರುವವನಿಗೆ ಒಪ್ಪಿಸುವಾಗ ಎರಡು ಮಾತಾಡಬೇಕು, ಏನು ಹೇಳಲಿ ಎಂದು ಆಗಲೇ ಯೋಚಿಸತೊಡಗಿದ.

ಗುರಿಯ ಕಾಗದಗಳು ಬಂದವು. ವಾಂಡಾ ಒಂದನ್ನು ಎತ್ತಿ ಹಿಡಿದಳು.

“ಈ ಕ್ಲಬ್ಬಲ್ಲಿ ಇಂಥದ್ದನ್ನ ನಾನು ನೋಡೇ ಇಲ್ಲ. ಆರನೇ ನಂಬರು. ಓರಿನ್ ತಾತ, ಎಷ್ಟು ಬಿಗಿ ಇಟ್ಟಿದ್ರಿ?”

ತಾತ ಕೆನ್ನೆ ಮೇಲೆತ್ತಿದ. ಬಂದೂಕಿನ ಅಚ್ಚು ಅದರಲ್ಲಿ ಮೂಡಿತ್ತು.

“ನಿದ್ದೆ ಹತ್ಬಿಡ್ತು ತಾಯಿ. ಶುರು ಮಾಡೋಣ್ವಾ?” ಎಂದು ತನ್ನ ಐದೂ ತೋಟಾಗಳನ್ನು ತೋರಿಸಿದ, ಹಾರಿಸದೇ ಹಾಗೇ ಇದ್ದವು.

ಎಲ್ಲರೂ ಡೆಲ್ಬರ್ಟನ ಕಾಗದ ನೋಡಿದರು. ಅದರಲ್ಲಿ ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ.

“ಆ ಐದೂ ಗುಂಡು ನನ್ನವೇ,” ಎಂದ ಡೆಲ್ಬರ್ಟ್, ಕ್ಷೀಣವಾಗಿ.

ವಾಂಡಾ ನಿಯಮದ ಪುಸ್ತಕ ತೆಗೆದಳು. ಬೇರೆಯವರ ಗುರಿಗೆ ಹೊಡೆದವನಿಗೆ ಸೊನ್ನೆ. ಗುಂಡೇ ಹಾರಿಸದವನು ಸ್ಪರ್ಧಿಯೇ ಅಲ್ಲ, ಹಾಗಾಗಿ ಕೊನೆಯವನೂ ಅಲ್ಲ. ಅವಳೇ ಹೋಗಿ ಬ್ರಷ್ ಬಕೆಟ್ ತಂದಳು.

ಡೆಲ್ಬರ್ಟ್ ಕಕ್ಕಸಿನೊಳಗೆ ಮಂಡಿಯೂರಿದ್ದಾಗ ಬಾಗಿಲ ಮೇಲೆ ಮೆಲ್ಲಗೆ ಸದ್ದಾಯಿತು. ವಾಂಡಾ ನಿಂತಿದ್ದಳು, ಪಕ್ಕದಲ್ಲಿ ವರ್ಜಿಲ್, ಹಿಂದೆ ಇಡೀ ಕ್ಲಬ್ಬು. ಎಲ್ಲರ ಕೈಯಲ್ಲೂ ಪೆನ್ಸಿಲು, ಚೀಟಿ.

“ನಾವಿಬ್ರೂ ಕಿತ್ತಾಡಿದ ಆ ಐದನೇ ತೋಟಾ ಇತ್ತಲ್ಲ,” ಎಂದಳು ವಾಂಡಾ, ಜೇನಿನಂಥ ದನಿಯಲ್ಲಿ. “ಅದರ ಬಿಗಿ ಎಷ್ಟಿತ್ತಪ್ಪ?”

“ನಂಗೊತ್ತಿಲ್ಲ.”

ವರ್ಜಿಲನೂ ವಾಂಡಾಳೂ ಮುಖ ಮುಖ ನೋಡಿಕೊಂಡರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಇಬ್ಬರ ಅಭಿಪ್ರಾಯವೂ ಒಂದಾಯಿತು.

“ಹೇಳೋವರ್ಗೂ ತೊಳೀತಾ ಇರ್ಲಿ.”