ದೊಡ್ಡವರಾದವರ ಮೊದಲ ದಿನ

ಶಾಲೆಯಿಂದ ನಿವೃತ್ತನಾದ ಮೇಲೆ ನನಗೊಂದು ಕೆಲಸ ತಾನಾಗಿಯೇ ಗಂಟುಬಿದ್ದಿದೆ. ನಮ್ಮ ಕಡೆ ಯಾರಿಗೆ ಸನ್ಮಾನವಿದ್ದರೂ ಅವರು ಮೇಲೆ ಬಂದ ಕಥೆಯನ್ನು ಸ್ಮರಣ ಸಂಚಿಕೆಗೆ ನಾನೇ ಬರೆದುಕೊಡಬೇಕು. ಹೋಗುವಾಗ ಒಂದೇ ಪ್ರಶ್ನೆ ಒಯ್ಯುತ್ತೇನೆ, "ಹೆಂಗ ಸುರು ಮಾಡಿದ್ರಿ?" ಬರುವಾಗ ತಲೆ ಗಿರ್ರೆನ್ನುತ್ತಿರುತ್ತದೆ.

ಬರಿಗಾಲು

ಬ್ಯಾಡಗಿಯ ದೊಡ್ಡ ಮೆಣಸಿನಕಾಯಿ ವ್ಯಾಪಾರಿ ಕಣ್ಣು ತುಂಬಿಕೊಂಡು ಹೇಳಿದರು, "ಬರಕೋರಿ ಸರ. ಮೋಟೆಬೆನ್ನೂರಿಂದ ಈ ಊರಿಗೆ ಬರಿಗಾಲಿಲೆ ಬಂದಾಂವ ನಾ."

ನಾನೂ ಭಕ್ತಿಯಿಂದ ಬರೆದುಕೊಂಡೆ. ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವರ ತಾಯಿ ತಲೆ ಎತ್ತಿದರು.

"ಬರಿಗಾಲಿಲೆ ಯಾಕ ಬಂದಿ ಅನ್ನೂದನ್ನೂ ಹೇಳು. ಹೊಸಾ ಚಪ್ಪಲಿ ಬಸ್ಸಿನಾಗ ಬಿಟ್ಟು ಇಳದಿದ್ದಿ."

"ಈಗ ಯಾವುದು ಬರೀಲಿ ಸಾವಕಾರ್ರ?" ಎಂದೆ.

ಅವರು ನನ್ನ ಪುಸ್ತಕದೊಳಗೆ ಇಣುಕಿದರು. "ಬರಿಗಾಲು ಇರ್ಲಿ ಸರ. ಬಸ್ಸು ತಗದುಬಿಡ್ರಿ."

ಸೌತಿಬೀಜ

ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿ ಕಟ್ಟಿದವರೊಬ್ಬರು ಮೊದಲು ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂರುತ್ತಿದ್ದರಂತೆ. ಒಮ್ಮೆ ರೈತನೊಬ್ಬನಿಗೆ ಸೌತೆ ಬೀಜವೆಂದು ಕರಬೂಜದ ಬೀಜ ಕೊಟ್ಟರು. ತಪ್ಪು ತಿಳಿಯುವಷ್ಟರಲ್ಲಿ ಅವನು ಹೋಗಿಯಾಗಿತ್ತು. ಮೂರು ತಿಂಗಳ ಮೇಲೆ ಅವನೇ ದೂರದಿಂದ ಬರುವುದು ಕಂಡು ಇವರು ಚೀಲದ ಹಿಂದೆ ಅಡಗಿದರು. ರೈತ ಬಗ್ಗಿ ನೋಡಿದ.

"ಅಲ್ಲೇ ಅದೀರೇನ್ರಿ? ಈ ಸಲ ಸೌತಿಕಾಯಿ ಯಾರೂ ಕೇಳವಲ್ರು. ನನ್ನ ಕರಬೂಜ ಹೊಲದಾಗನ ಮಾರಿ ಖಾಲಿ ಆದುವು. ಅದ ಸೌತಿಬೀಜ ಕೊಡ್ರಿ, ಕರಬೂಜ ಬಿಡೂವು!"

"ಕೊಟ್ರೇನ್ರಿ?" ಎಂದೆ.

"ಅದ ಬೀಜ ಅಂತ ತಿಳದು ಕೊಟ್ಟೆ ಸರ. ಆ ಸಲ ಖರೇನ ಸೌತಿ ಬಂದುವು."

ನೆಂಟರು

ಹಾವೇರಿಯಲ್ಲಿ ಹೆಸರಾದ ಖಾನಾವಳಿ ನಡೆಸುವ ಅಕ್ಕ ಮದುವೆಯಾದ ಹೊಸದರಲ್ಲಿ ಕೋರ್ಟಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ನಾಲ್ವರು ಬಾಗಿಲಲ್ಲಿ ನಿಂತು, "ಅಕ್ಕಾರ, ಊಟ ಐತೇನ್ರಿ?" ಅಂದರು.

ಗಳಗನಾಥದಿಂದ ಗಂಡನ ಕಡೆಯವರು ಬಂದಿರಬೇಕು ಅಂದುಕೊಂಡರು ಅಕ್ಕ. ಗುರುತಿಲ್ಲ ಎಂದು ಹೇಳುವುದು ಹೇಗೆ? "ಐತ್ರಿ, ಕುಂದ್ರಿ" ಎಂದು ಬಡಿಸಿದರು. ಅಷ್ಟರಲ್ಲಿ ಗಂಡ ಬಂದರು. ಹೊಸರಿತ್ತಿಯಿಂದ ಹೆಂಡತಿಯ ತವರಿನವರು ಬಂದಿದ್ದಾರೆಂದು ತಿಳಿದು ಕೈಮುಗಿದರು.

"ಊರಾಗ ಎಲ್ಲಾರೂ ಆರಾಮ ಅದಾರೇನ್ರಿ?"

"ಆರಾಮ ಅದಾರ್ರಿ" ಅಂದರು ನಾಲ್ವರೂ.

ಗಂಡ ತಾವೇ ನಿಂತು ಬೆಣ್ಣೆ ಹಾಕಿದರು, ಒತ್ತಾಯ ಮಾಡಿ ಮಾಡಿ ರೊಟ್ಟಿ ನೀಡಿದರು. ತಮ್ಮ ಪಾಲಿಗೆ ಒಂದೂ ಉಳಿಯಲಿಲ್ಲ. ಅವರಲ್ಲಿ ಹಿರಿಯರಾದವರು ಕೈ ತೊಳೆದು, "ಎಷ್ಟಾತ್ರಿ?" ಅಂದರು.

ಗಂಡನ ಮುಖ ಕೆಂಪಾಯಿತು. ಹೆಂಡತಿಯ ಕಡೆ ತಿರುಗಿ, "ಏನಿದು? ನಿನ್ನ ತವರುಮನಿಯವ್ರು ನನಗ ಊಟದ ರೊಕ್ಕಾ ಕೊಡ್ತಾರೇನು?" ಅಂದರು.

"ನನ್ನ ತವರುಮನಿಯವ್ರ? ಇವರು ನಿಮ್ಮ ಮಂದಿ ಅಲ್ಲೇನ್ರಿ?"

ಇಬ್ಬರೂ ಆ ನಾಲ್ವರನ್ನು ದಿಟ್ಟಿಸಿ ನೋಡಿದರು. ಹಿರಿಯರು ಗಾಬರಿಯಾದರು. "ನಾವು ಕೋರ್ಟಿನ ಕೆಲಸಕ್ಕ ಬಂದವ್ರ್ರಿ. ಇದು ಖಾನಾವಳಿ ಅಲ್ಲೇನ್ರಿ?"

ಗಂಡ ಬಾಯಿ ತೆರೆಯುವ ಮೊದಲೇ ಅಕ್ಕ ಸೆರಗು ಸಿಕ್ಕಿಸಿಕೊಂಡು ಅಂದರು, "ಹೌದ್ರಿ. ಇವತ್ತ ಸುರು ಆಗೇತಿ."