ಅಕ್ಕನ ತೂಕುಪಾತ್ರೆ ರಜೆಗೆ ಹೊರಟದ್ದು

ದಾರಿ

"ಇದು ತೋಲ್ಪೆಟ್ಟಿ, ಚೇಚಿ. ತಿರುನೆಲ್ಲಿಗೆ ಹೋಗೋರು ಇಲ್ಲಿಗ್ಯಾಕೆ ಬಂದ್ರಿ?"

ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಹೀಗೆ ಕೇಳಿದಾಗ ನಮ್ಮ ಕಾರಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಸ್ಟಿಯರಿಂಗ್ ಹಿಡಿದವಳು ನಾನು. ಪ್ರವಾಸಿಗಳ ತಂಡ ಕಟ್ಟಿಕೊಂಡು ಲಡಾಖ್, ಭೂತಾನ್ ಎಂದು ವರ್ಷಗಟ್ಟಲೆ ಸುತ್ತಿದವಳು, ಕೇಣಿಚಿರದ ನಮ್ಮ ಮನೆಯಿಂದ ಹೊರಟು ಅದೇ ಜಿಲ್ಲೆಯ ತಿರುನೆಲ್ಲಿ ಸೇರಲಾರದೆ ನಿಂತಿದ್ದೆ. ಮಕ್ಕಳನ್ನು ಕಟ್ಟಿಕೊಂಡು ರಜೆಗೆ ಹೊರಟಾಗಲೆಲ್ಲ ಇಂಥದ್ದೊಂದು ಆಗುತ್ತಲೇ ಇರುತ್ತದೆ. ಏನೂ ಆಗಿಲ್ಲವೆಂದರೆ ನಾವಿನ್ನೂ ಮನೆ ಬಿಟ್ಟಿಲ್ಲ ಎಂದರ್ಥ.

ಆದದ್ದಿಷ್ಟೆ. ರಸ್ತೆ ಕವಲೊಡೆಯುವ ಕಡೆ ಹಿಂದಿನ ಸೀಟಿನಲ್ಲಿ ಮೊಮ್ಮಗಳಿಗೂ ಮೊಮ್ಮಗನಿಗೂ ಕಿಟಕಿಗಾಗಿ ಜಗಳ. ನಾನು ತಿರುಗಿ ಗದರಿಸಿದೆ. ಮತ್ತೆ ಮುಂದೆ ನೋಡುವಷ್ಟರಲ್ಲಿ ಎಡಕ್ಕೆ ಹೋಗಬೇಕಾದ ಕಾರು ನೆಟ್ಟಗೆ ಕಾಡು ಹೊಕ್ಕಿತ್ತು.

ಹೆಂಗಸು ಬಂದ ದಾರಿಯಲ್ಲೇ ವಾಪಸ್ ಹೋಗಿ ಕವಲಿನಲ್ಲಿ ಬಲಕ್ಕೆ ತಿರುಗಲು ಹೇಳಿದಳು. ಹೇಳುತ್ತಲೇ ಬಗ್ಗಿ, ನಮ್ಮ ಯಜಮಾನರ ತೊಡೆಯ ಮೇಲಿದ್ದ, ಕೈಯಲ್ಲಿ ತೂಗಿಸಿಕೊಂಡು ಹೋಗುವ ಹಿಡಿಯುಳ್ಳ ಅಲ್ಯೂಮಿನಿಯಂ ಪಾತ್ರೆಯನ್ನೇ ನೋಡತೊಡಗಿದಳು. ಅದರ ಮುರಿದ ಹಿಡಿಗೆ ತಾಮ್ರದ ತಂತಿ ಸುತ್ತಿತ್ತು.

"ಇದು ತಿರುನೆಲ್ಲಿ ಅಕ್ಕನ ತೂಕುಪಾತ್ರೆ ಅಲ್ವಾ?" ಎಂದಳು. ಅವಳು ಪ್ರತಿ ವರ್ಷ ಅಕ್ಕನ ಗದ್ದೆಗೆ ನಾಟಿಗೆ ಹೋಗುವವಳಂತೆ. ಕಳೆ ಕೀಳುವಾಗಲೂ ಕಟಾವಿನಲ್ಲೂ ಅಕ್ಕನ ಬಾಯಲ್ಲಿ ಇದರದ್ದೇ ಸುದ್ದಿಯಂತೆ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಆ ತಮ್ಮನ ಹೆಂಡ್ತಿ ನೀವೇನಾ?" ಎಂದಳು.

ಭೂತಾನಿನಲ್ಲೂ ನನಗೆ ಇಷ್ಟು ಹೆಸರಿರಲಿಲ್ಲ.

ಗಂಟುಮೂಟೆ

ಅಕ್ಕ ಎಂದರೆ ಯಜಮಾನರ ಅಕ್ಕ. ಕಳೆದ ಓಣಂಗೆ ಆ ಪಾತ್ರೆ ತುಂಬ ಬಾಳೆಕಾಯಿ ಚಿಪ್ಸ್ ಕಳಿಸಿದ್ದರು. ಚಿಪ್ಸ್ ಎರಡೇ ದಿನಕ್ಕೆ ಖಾಲಿ. ಪಾತ್ರೆ ಮಾತ್ರ ನಮ್ಮ ಅಟ್ಟದಲ್ಲಿ ಬೀಡುಬಿಟ್ಟಿತು. ತಿಂಡಿ ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎನ್ನುವುದು ನಮ್ಮವರಲ್ಲಿ ಮದುವೆಯ ತಾಳಿಯಷ್ಟೇ ಗಟ್ಟಿಯಾದ ನಿಯಮ. ತುಂಬಿಸಲು ನನಗೆ ಪುರುಸೊತ್ತಿಲ್ಲ, ಖಾಲಿ ಕೊಡಲು ಧೈರ್ಯವಿಲ್ಲ. ಹೀಗೇ ಬೇಸಿಗೆ ಬಂತು. ಮಕ್ಕಳು ಅಕ್ಕನ ಮನೆಯ ಹಿಂದಿನ ತೋಡಿನ ನೀರಿನಲ್ಲಿ ಆಡಬೇಕೆಂದು ವರ್ಷವಿಡೀ ದಿನ ಎಣಿಸಿದ್ದರು. ಫೋನ್ ಮಾಡಿದರೆ ಅಕ್ಕ ಹೇಳಿದ್ದು ಒಂದೇ ಮಾತು: "ಅಮ್ಮನ ಪಾತ್ರೆ ತುಂಬಿ ಬಂದ್ರೆ ಗೇಟು ತೆಗೀತೀನಿ. ಖಾಲಿ ಬಂದ್ರೆ ಅದರ ಜೊತೆ ನೀವೂ ವಾಪಸ್."

ಅಕ್ಕ ತಮಾಷೆ ಮಾಡುವುದಿಲ್ಲ.

ನಾನು ಹೆಗಲಿಗೊಂದು ಚೀಲ ಹಾಕಿಕೊಂಡು ಹಿಮಾಲಯ ದಾಟಿದವಳು. ಮಕ್ಕಳಿಗೂ ಅದೇ ಕಲಿಸೋಣವೆಂದು, ತಲೆಗೊಂದೇ ಚೀಲ, ಅದನ್ನು ಅವರವರೇ ತುಂಬಬೇಕು ಎಂದು ಅಪ್ಪಣೆ ಮಾಡಿದೆ. ಹತ್ತು ವರ್ಷದ ಮೊಮ್ಮಗಳು ಛತ್ರಿ, ಟಾರ್ಚು, ಜಿಗಣೆಗೆ ಉಪ್ಪು, ಉಪ್ಪು ಒದ್ದೆಯಾದರೆ ಇರಲೆಂದು ಇನ್ನೊಂದು ಪೊಟ್ಟಣ ಉಪ್ಪು ತುಂಬಿಕೊಂಡಳು. ಬಟ್ಟೆ ಎಲ್ಲಿ ಎಂದರೆ, "ಹಾಕ್ಕೊಂಡಿದೀನಲ್ಲ ಅಜ್ಜಿ" ಎಂದಳು.

ಐದು ವರ್ಷದವನು ಯಾರಿಗೂ ತೋರಿಸದೆ ಸ್ಕೂಲ್ ಬ್ಯಾಗಿನ ಜಿಪ್ ಎಳೆದಿಟ್ಟಿದ್ದ. ನಾವು ಊಟಕ್ಕೆ ಕೂತಾಗ ಬ್ಯಾಗು ಕೊಕ್ಕೊಕ್ಕೋ ಎಂದಿತು. ತೆಗೆದರೆ ನಮ್ಮ ಕೆಂಪು ಹೇಂಟೆ.

"ನಾವೆಲ್ಲ ರಜೆಗೆ ಹೋದ್ರೆ ಅದೊಂದೇ ದುಡೀಬೇಕಾ?" ಎಂದು ಅವನು ನನ್ನನ್ನೇ ಕೇಳಿದ. ಹೇಂಟೆಯನ್ನು ಗೂಡಿಗೆ ಬಿಟ್ಟು ಬಂದೆ.

ರವೆ ಉಂಡೆ

ಪಾತ್ರೆಗೆ ಬೇಕರಿ ಹಲ್ವಾ ತುಂಬಿಸುವ ಅಂದಾಜಿತ್ತು. ಅಕ್ಕ ಮುಚ್ಚಳ ತೆಗೆಯುವ ಮೊದಲೇ ಬೇಕರಿಯ ವಾಸನೆ ಹಿಡಿಯುತ್ತಾರೆ ಎಂದು ಯಜಮಾನರು ಹೆದರಿಸಿದರು. ಯಾವ ದೇಶಕ್ಕೆ ಹೋದರೂ ಊಟ ತರಿಸಿಕೊಳ್ಳಬಲ್ಲ ನಾನು, ಕೊನೆಗೆ ನನ್ನದೇ ಅಡಿಗೆಮನೆಯಲ್ಲಿ ರವೆ ಉಂಡೆ ಕಟ್ಟಲು ನಿಂತೆ. ಪಾಕ ಏನಾಯಿತೋ, ಉಂಡೆಗಳು ಗೋಲಿಗಿಂತ ಗಟ್ಟಿಯಾದವು. ಪಾತ್ರೆ ತುಂಬಿತಲ್ಲ, ಸಾಕು. ಮಕ್ಕಳ ಕೈಗೆ ಸಿಗಬಾರದೆಂದು ಅದನ್ನು ಯಜಮಾನರ ತೊಡೆಯ ಮೇಲಿಟ್ಟೆ. ಮೊಮ್ಮಗನೂ ಬ್ಯಾಗನ್ನು ಡಿಕ್ಕಿಗೆ ಹಾಕಲು ಬಿಡದೆ ತೊಡೆಯ ಮೇಲಿಟ್ಟುಕೊಂಡ. ಏನಿದೆ ಎಂದರೆ ರಜೆಯ ಹೋಮ್‌ವರ್ಕ್ ಎಂದ. ನನಗೆ ಹೆಮ್ಮೆಯೇ ಆಯಿತು.

ತೋಲ್ಪೆಟ್ಟಿಯಿಂದ ತಿರುಗಿ, ಕವಲು ದಾಟಿ, ತಿರುನೆಲ್ಲಿ ರಸ್ತೆಯ ಮೊದಲ ಹಳ್ಳಕ್ಕೆ ಕಾರು ಇಳಿದದ್ದೇ ತಡ, ಪಾತ್ರೆ ಟಣ್ ಎಂದಿತು. ತುಂಬಿದ ಪಾತ್ರೆ ಹಾಗೆ ಅನ್ನುವುದಿಲ್ಲ.

"ರೀ, ಮುಚ್ಚಳ ತೆಗೀರಿ."

ಅವರು ಕಿಟಕಿಯಾಚೆ ಆನೆ ಹುಡುಕುತ್ತಿರುವವರಂತೆ ಕೂತರು. ಹಿಂದಿನಿಂದ ಮೊಮ್ಮಗಳು ಬಗ್ಗಿ ಮುಚ್ಚಳ ತೆಗೆದಳು. ಒಳಗೆ ನಾಲ್ಕು ಕಾಳು ರವೆ.

"ಗಟ್ಟಿ ಇದೆಯಾ ಅಂತ ನೋಡ್ತಿದ್ದೆ. ಎಲ್ಲಾ ಒಂದೇ ಥರ ಗಟ್ಟಿ ಇತ್ತು" ಎಂದರು ಯಜಮಾನರು.

ಇಷ್ಟು ವರ್ಷಗಳಲ್ಲಿ ನನ್ನ ಕೈಯಡುಗೆಯನ್ನು ಅವರು ಪೂರ್ತಿ ತಿಂದದ್ದು ಅದೇ ಮೊದಲು. ಸಿಟ್ಟಾಗಬೇಕೋ ಖುಷಿಪಡಬೇಕೋ ತಿಳಿಯದೆ ಗೇರ್ ಬದಲಿಸಿದೆ.

ಗೇಟು

ಕಾಡಿನ ರಸ್ತೆ, ಅಂಗಡಿಯಿಲ್ಲ, ಇಳಿಯುವಂತಿಲ್ಲ. ಮೊಮ್ಮಗಳು ತನ್ನ ಎರಡು ಪೊಟ್ಟಣ ಉಪ್ಪು ಕೊಡುತ್ತೇನೆಂದಳು. ತವರಿನ ಪಾತ್ರೆಯಲ್ಲಿ ಉಪ್ಪು ಕಂಡರೆ ಅಕ್ಕ ಅದಕ್ಕೆ ಏನೇನು ಅರ್ಥ ಹಚ್ಚುತ್ತಾರೋ ಎಂದು ಯಜಮಾನರು ಬೆವರಿದರು. ಅಷ್ಟರಲ್ಲಿ ಮೊಮ್ಮಗ, ಪಾತ್ರೆ ತಾನು ಹಿಡಿದುಕೊಳ್ಳುತ್ತೇನೆಂದು ಕೈ ಚಾಚಿದ. ಖಾಲಿ ಪಾತ್ರೆ ಯಾರ ಕೈಲಿದ್ದರೇನು, ಕೊಟ್ಟೆವು.

ಅಕ್ಕ ಗೇಟಿನ ಆಚೆ ಸೆರಗು ಸಿಕ್ಕಿಸಿಕೊಂಡು ನಿಂತೇ ಇದ್ದರು. ಹಿಂದೆ ತೋಡಿನ ಸದ್ದು ಕೇಳುತ್ತಿತ್ತು. ಮಕ್ಕಳು ಒಮ್ಮೆ ಆ ಕಡೆ, ಒಮ್ಮೆ ಅಕ್ಕನ ಮುಖ ನೋಡಿದರು. ನಾನು ಮೊಮ್ಮಗನಿಂದ ಪಾತ್ರೆ ಇಸಕೊಂಡು, ಎರಡೂ ಕೈಯಲ್ಲಿ ಹಿಡಿದು, ಗೇಟಿನ ಮೇಲಿಂದ ಕೊಟ್ಟೆ. ಕೊಡುವಾಗ ಒಳಗೇನೋ ಮೆತ್ತಗೆ ಉರುಳಿತು.

ಅಕ್ಕ ಮುಚ್ಚಳ ತೆಗೆದರು. ಒಳಗೆ ಮಗುವಿನ ಒಂದು ಕಾಲುಚೀಲ, ಅದರ ಮೇಲೊಂದು ಮೊಟ್ಟೆ. ಅಕ್ಕ ಮುಟ್ಟಿ ನೋಡಿದರು, ಇನ್ನೂ ಬಿಸಿ. ಅಷ್ಟರಲ್ಲಿ ರಜೆಯ ಹೋಮ್‌ವರ್ಕ್ ಬ್ಯಾಗಿನಿಂದ ಕತ್ತು ಹೊರಗೆ ಹಾಕಿತು.

"ಓಣಂನಿಂದ ನಾನು ಕಾದದ್ದು ಇದೊಂದಕ್ಕಾ?" ಎಂದರು ಅಕ್ಕ.

"ನಾಳೆನೂ ಒಂದು ಇಡುತ್ತೆ ದೊಡ್ಡಜ್ಜಿ. ಪಾತ್ರೆ ತುಂಬೋ ತನಕ ನಾವು ಇಲ್ಲೇ ಇರ್ತೀವಿ" ಎಂದ ಮೊಮ್ಮಗ.

ಅಕ್ಕ ಪಾತ್ರೆಯ ಆಳ ನೋಡಿದರು. ತಮ್ಮನ ಮೀಸೆಗೆ ಅಂಟಿದ ರವೆ ನೋಡಿದರು. ಆಮೇಲೆ ಗೇಟಿನ ಚಿಲಕ ತೆಗೆದರು.

"ಮೊದಲು ಕೋಳಿ ಒಳಗೆ ಬರಲಿ. ಈ ಪಾತ್ರೆಯ ಸಾಲ ತೀರಿಸಿದ್ದು ಅದು. ನೀವೆಲ್ಲ ಅದರ ಹಿಂದೆ ಬನ್ನಿ."